ಮುಟ್ಟಿದ ಕುದುರೆ

ಫಾಯೆನ್ಜಾ,
ಭಾನುವಾರ, ೨೨ ಅಕ್ಟೋಬರ್ ೧೯೩೯
(ಪಕ್ಷ ಅಧಿಕಾರಕ್ಕೆ ಬಂದ ಲೆಕ್ಕದಲ್ಲಿ ಹದಿನೇಳನೆಯ ವರ್ಷ. ಅದನ್ನೂ ಬರೆಯಲೇಬೇಕು ಎಂದು ನಿನ್ನ ಅಣ್ಣ ನೇವಿಯೋ ಹೇಳಿದ್ದಾನೆ, ಬರೆದಿದ್ದೇನೆ.)

ಪ್ರೀತಿಯ ಎಲ್ವೀನೋ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಹಡಗಿನ ಗಾಳಿಗೆ ಅರ್ಧ ಕಡಿಮೆಯಾಗಿದೆ ಎಂದು ಬರೆದಿದ್ದೆ, ಉಳಿದರ್ಧದ ಸುದ್ದಿಯೇ ಇಲ್ಲ. ಇಷ್ಟು ವರ್ಷ ಪಾತ್ರೆ ಸುಡುವ ಆವಿಗೆಯ ಹೊಗೆ ಕುಡಿದು ಕಟ್ಟಿದ ಕೆಮ್ಮು ಅದು, ಒಂದು ಸಮುದ್ರ ದಾಟಿದ ಮಾತ್ರಕ್ಕೆ ಬಿಟ್ಟುಹೋಗುವಷ್ಟು ಮರ್ಯಾದಸ್ಥ ಅಲ್ಲ. ರಾತ್ರಿ ಎದೆಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ಮಲಗು. ಅಲ್ಲಿ ದಿನವೂ ದನದ ಮಾಂಸ ತಿನ್ನುತ್ತಾರೆಂದು ಓದಿ ಅಮ್ಮ ಗಾಬರಿಯಾಗಿದ್ದಾರೆ, ಸ್ವಲ್ಪ ಸೊಪ್ಪನ್ನೂ ತಿನ್ನು. ಅಮ್ಮ ಚೆನ್ನಾಗಿದ್ದಾರೆ. ಕಣ್ಣಿನ ಪೊರೆ ಇನ್ನಷ್ಟು ದಪ್ಪಗಾಗಿದೆ, ಕಿಟಕಿ ಎಲ್ಲಿದೆ ಎಂದು ಗೊತ್ತಾಗುತ್ತದೆ, ಕಿಟಕಿಯಲ್ಲಿ ಯಾರಿದ್ದಾರೆ ಎಂದು ಗೊತ್ತಾಗುವುದಿಲ್ಲ. ಆದರೂ ಪ್ರತಿ ಭಾನುವಾರ ಬಾಗಿಲ ಹಿಂದಿನ ಮೊಳೆಯಿಂದ ನಿನ್ನ ಚಳಿಗಾಲದ ಕೋಟು ಇಳಿಸಿಕೊಂಡು ಬ್ರಷ್ ಹಾಕುತ್ತಾರೆ. ನಿನ್ನ ತಂದೆ ತೀರಿಕೊಂಡ ವರ್ಷ ಒಂದೇ ಥಾನಿನಿಂದ ನಿನಗೂ ನೇವಿಯೋಗೂ ಹೊಲಿಸಿದ ಕೋಟು, ಇನ್ನೂ ಒಂದು ನೂಲು ಬಿಚ್ಚಿಲ್ಲ ಎಂದು ಜಂಬ ಬೇರೆ. ನನಗೇನೂ ಆಗಿಲ್ಲ. ನನಗೆ ಯಾವಾಗ ಏನಾಗಿದೆ?

ನಿನ್ನ ಸೆಪ್ಟೆಂಬರಿನ ಕಾಗದ ಗುರುವಾರ ಬಂತು. ಲಕೋಟೆಯನ್ನು ದಾರಿಯಲ್ಲಿ ಯಾರೋ ಬಿಚ್ಚಿ ಮತ್ತೆ ಅಂಟಿಸಿದ್ದರು, ನಾವು ಅಂಟಿಸುವುದಕ್ಕಿಂತ ಅಚ್ಚುಕಟ್ಟಾಗಿತ್ತು. ರೊಸಾರಿಯೋದ ಚದುರಂಗ ಪಂದ್ಯಾವಳಿಯಲ್ಲಿ ನೀನು ಎರಡನೆಯವನಾಗಿ ಬಂದೆ ಎಂದು ಓದಿ ಹೇಳಿದರೆ ಅಮ್ಮ, "ಮೊದಲನೇವನು ಯಾರಂತೆ? ಅವನಿಗೇನು ಎರಡು ಕೊಂಬು ಇದ್ಯಾ?" ಎಂದರು. ನೀನೊಬ್ಬನೇ ನಿಂತು ಒಂದು ಕೋಣೆ ತುಂಬ ಕೂತ ಜನರ ಜೊತೆ ಒಟ್ಟಿಗೇ ಆಡಿದ್ದು, ಮುಗಿದ ಮೇಲೆ ಸೋತವರು ಗೆದ್ದವರು ಎನ್ನದೆ ಒಬ್ಬೊಬ್ಬರ ಕೈಯನ್ನೂ ಕುಲುಕಿದ್ದು ಕೇಳಿ ಅವರಿಗೆ ಖುಷಿಯೋ ಖುಷಿ. ನೇವಿಯೋ ಮಾತ್ರ, "ಕೈ ಕುಲುಕಿದ್ದೆಲ್ಲಾ ಯಾಕೆ ಬರೀಬೇಕಿತ್ತು ಇವನು? ಈಗ ಇಲ್ಲಿ ಬಲಗೈ ಮೇಲೆತ್ತಿ ನಮಸ್ಕಾರ ಮಾಡೋದು ಅಂತ ಗೊತ್ತಿಲ್ವಾ?" ಎಂದು ಗೊಣಗಿದ. ಮುಂದೆ ಓದಿದಾಗ ಅವನ ಮುಖ ಅರಳಿತು. ಅಲ್ಲಿನ ನಮ್ಮವರ ಸಂಘದವರು ನಿನ್ನನ್ನು ಅಲ್ಲೇ ಉಳಿದು ಮಕ್ಕಳಿಗೆ ಚದುರಂಗ ಕಲಿಸು, ಸಂಘದ ಮೇಲಿನ ಕೋಣೆ ಬಿಟ್ಟುಕೊಡುತ್ತೇವೆ ಎಂದು ಕೇಳಿದರೆಂದೂ, ಮನೆಯಲ್ಲಿ ಮಾತು ಕೊಟ್ಟು ಬಂದಿದ್ದೇನೆ, ಆಗುವುದಿಲ್ಲ ಎಂದು ನೀನು ಹೇಳಿದೆಯೆಂದೂ ಬರೆದಿದ್ದೀಯಲ್ಲ, ಆ ಸಾಲನ್ನು ಅವನು ಕಾಗದ ಕಿತ್ತುಕೊಂಡು ತಾನೇ ಎರಡು ಸಲ ಓದಿದ. "ನೋಡು, ಇವನು ನಮ್ಮನೆ ಹುಡುಗ! ಆದ್ರೂ ನೀನೊಂದು ಕಾಗದ ಬರಿ, ದೀರ್ಚೆ. ಯುರೋಪಿನಲ್ಲಿ ಯುದ್ಧ ಶುರುವಾಗಿದೆ, ಅಲ್ಲಿನೋರು ಅವನ ತಲೆ ಕೆಡಿಸ್ತಾರೆ. ನಾವೆಲ್ಲಾ ಅವನಿಗೆ ಏನೇನು ಮಾಡಿದ್ವಿ ಅಂತ ಒಂದೊಂದೇ ನೆನಪು ಮಾಡಿ ಬರಿ. ಡಿಸೆಂಬರ್ ಹಡಗು ತಪ್ಪಿಸಬಾರದು." ಅವನ ಭಯ ನಿನಗೂ ಗೊತ್ತು. ನೀನು ಮರಳಿ ಬಂದೇ ಬರುತ್ತೀಯ ಎಂದು ಪಕ್ಷದ ಕಾರ್ಯದರ್ಶಿಯ ಮುಂದೆ ಜಾಮೀನು ನಿಂತವನು ಅವನು. ನೀನು ಬರದಿದ್ದರೆ ಅವನ ಪುರಸಭೆಯ ಕುರ್ಚಿ ಹೋಗುತ್ತದೆ, ಆಮೇಲೆ ಇನ್ನೇನು ಹೋಗುತ್ತದೋ.

ಹಾಗಾಗಿ ನೆನಪು ಮಾಡಲು ಕೂತಿದ್ದೇನೆ. ಊಟ ಮುಗಿಸಿ ನೇವಿಯೋ ಬರುತ್ತಾನೆ, ಇದನ್ನು ಅಮ್ಮನಿಗೆ ಗಟ್ಟಿಯಾಗಿ ಓದುತ್ತಾನೆ, ಕೆಳಗೆ ಒಂದು ಸಾಲು ಬರೆಯುತ್ತಾನೆ. (ನೇವಿಯೋ, ಇಷ್ಟು ಹೊತ್ತಿಗೆ ನಿನ್ನ ಹುಬ್ಬು ಗಂಟಾಗಿರಬೇಕು. ಬಿಚ್ಚು. ಮುಂದೆ ನಿನ್ನ ಹೊಗಳಿಕೆಯೇ ಇದೆ.)

ಎಲ್ವೀನೋ, ನೀನು ಪಾತ್ರೆಯ ಕಾರ್ಖಾನೆಗೆ ಸೇರಿದಾಗ ಮೀಸೆಯೂ ಚಿಗುರಿರಲಿಲ್ಲವಂತೆ. ಅಣ್ಣ ಶಾಲೆಗೆ, ತಮ್ಮ ಆವಿಗೆಗೆ ಎಂದು ಅಮ್ಮ ಹಂಚಿಬಿಟ್ಟಿದ್ದರು. ಚೌಕದ ಮೂಲೆಯ ಪ್ರೀಯಮೋನ ಕಾಫಿ ಅಂಗಡಿಗೆ ಬಟ್ಟಲು ಕೊಟ್ಟು ಬಾ ಎಂದು ಕಳಿಸಿದರೆ ನೀನು ಬಟ್ಟಲಿನ ಬುಟ್ಟಿ ಹೆಗಲ ಮೇಲಿಟ್ಟುಕೊಂಡೇ ಸಂಜೆಯ ತನಕ ಚದುರಂಗ ನೋಡುತ್ತ ನಿಂತೆ. ಪ್ರೀಯಮೋ ಮುದುಕ ಪಾಠ ಹೇಳಿದ್ದೆಲ್ಲ ಬೈಗುಳದಲ್ಲೇ. "ಕತ್ತೆ! ಕುದುರೆ ನಡಿಯೋದು ಕುದುರೆ ಥರ, ಮೇಕೆ ಥರ ಅಲ್ಲ!" ನೀನು ಮೊದಲ ಸಲ ಅವನನ್ನು ಸೋಲಿಸಿದಾಗ ಒಂದು ವಾರ ಮಾತು ಬಿಟ್ಟನಂತೆ. ಎಂಟನೆಯ ದಿನ ಅಂಗಡಿಯ ಬಾಗಿಲೆಳೆದು, ನಿನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಫೊರ್ಲಿಗೆ ಹೊರಟ. "ಇಲ್ಲಿ ನಿನಗೆ ಕಲಿಸೋಕೆ ಇನ್ಯಾರೂ ಇಲ್ಲ, ಅಲ್ಲಿ ಹೋಗಿ ಒದೆ ತಿನ್ನು" ಎಂದನಂತೆ. ನೀನು ಒದೆ ತಿನ್ನಲಿಲ್ಲ. ಫೊರ್ಲಿ, ರವೆನ್ನಾ, ರಿಮಿನಿ ಎಂದು ಊರೂರು ಗೆದ್ದು ನಮ್ಮ ರೊಮಾನ್ಯಾ ಸೀಮೆಗೇ ಮೊದಲನೆಯವನಾದೆ. ಪಂದ್ಯ ಇದ್ದ ವಾರ ಕಾರ್ಖಾನೆಯ ಯಜಮಾನರು ಆವಿಗೆ ಹೊತ್ತಿಸುವುದನ್ನೇ ಮುಂದೂಡುತ್ತಿದ್ದರು, ನೀನು ಜೋಡಿಸಿದ ತಟ್ಟೆ ಒಂದೂ ಬಿರಿಯುತ್ತಿರಲಿಲ್ಲವಲ್ಲ. ಮಿಲಾನಿನಲ್ಲಿ ಆ ಹಂಗೇರಿಯವನ ಜೊತೆ ಸಮ ಮಾಡಿಕೊಂಡು ಬಂದ ಮೇಲೆ ನಿನಗೆ 'ಮಾಯೆಸ್ತ್ರೋ' ಎಂದು ಬಿರುದು ಬಂತು. ನಮ್ಮೂರಿನವರಿಗೆ ಸಂಗೀತ ನಡೆಸುವವನನ್ನು ಬಿಟ್ಟರೆ ಬೇರೆ ಮಾಯೆಸ್ತ್ರೋ ಗೊತ್ತೇ? ಅಮ್ಮ ಮಾರುಕಟ್ಟೆಯಲ್ಲಿ ನಿಂತು "ನನ್ನ ಎರಡನೇ ಮಗ ಮಾಯೆಸ್ತ್ರೋ" ಎಂದರೆ ಮೀನಿನವಳು, "ಹೌದಾ ಅದಾಲ್ಜೀಸಾ ಬಾಯಿ? ಯಾವ ಬ್ಯಾಂಡಿನಲ್ಲಿ?" ಎಂದಳು. ಅಮ್ಮ ಇಂದಿಗೂ ಅವಳ ಹತ್ತಿರ ಮೀನು ಕೊಳ್ಳುವುದಿಲ್ಲ.

ನಾನು ನಿನ್ನನ್ನು ಕಂಡದ್ದೂ ಆಗಲೇ. ಕಾರ್ಖಾನೆಯ ಮೇಲಿನ ಕೋಣೆಯಲ್ಲಿ ಹೆಂಗಸರೆಲ್ಲ ಸಾಲಾಗಿ ಕೂತು ತಟ್ಟೆಯ ಅಂಚಿಗೆ ಹೂ ಬರೆಯುತ್ತಿದ್ದೆವು. ನೀನು ಸುಡಲು ತಟ್ಟೆ ಒಯ್ಯಲು ಬಂದವನು ನನ್ನ ಮೇಜಿನ ಹತ್ತಿರ ನಿಂತು, ಓರೆಯಾಗಿದ್ದ ಒಂದು ಬಣ್ಣದ ಬಟ್ಟಲನ್ನು ದಿಟ್ಟಿಸಿ, "ಸರಿಮಾಡ್ತೀನಿ" ಎಂದು ಹೇಳಿ, ನೆಟ್ಟಗಿಟ್ಟು ಹೋದೆ. ಇವನಿಗೇನು ಹುಚ್ಚೇ ಎಂದುಕೊಂಡೆ. ಚದುರಂಗದಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ಸುಮ್ಮನೆ ನೆಟ್ಟಗಿಡುವುದಾದರೆ ಮುಟ್ಟುವ ಮೊದಲೇ ಬಾಯಿಬಿಟ್ಟು ಹಾಗೆಂದು ಹೇಳಬೇಕು ಎಂಬುದು ನನಗೆ ಆಮೇಲೆ ತಿಳಿಯಿತು. ನೀನು ಅದನ್ನು ಊಟದ ಮೇಜಿನ ಚಮಚಕ್ಕೂ ಹೇಳುತ್ತಿದ್ದೆ, ಇಗರ್ಜಿಯಲ್ಲಿ ವಾಲಿದ ಮೇಣದಬತ್ತಿಗೂ ಹೇಳುತ್ತಿದ್ದೆ. ಮೊದಲ ಸಲ ನನ್ನ ತಲೆವಸ್ತ್ರ ಸರಿಪಡಿಸುವಾಗಲೂ ಹೇಳಿದೆ. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ, ಅದಕ್ಕೇ ಮದುವೆಯಾದೆ. ಮದುವೆಯಾದ ಮೇಲೆ ಸ್ವಲ್ಪ ಬದಲಾಗುತ್ತೀಯ ಎಂದುಕೊಂಡಿದ್ದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಅದೂ ದಿನವೂ ಆವಿಗೆಯ ಮುಂದೆ ಬೇಯುವವನದು.

ಕಳೆದ ವರ್ಷ ಬೊಲೋನ್ಯಾದಲ್ಲಿ ನಡೆದದ್ದನ್ನು ನಿನಗೆ ನೆನಪು ಮಾಡಬೇಕಾಗಿಲ್ಲ. ಆದರೆ ನೇವಿಯೋ ಅದನ್ನೂ ಬರಿ ಎಂದಿದ್ದಾನೆ, ಅವನು ನಿನಗಾಗಿ ಅತಿ ಹೆಚ್ಚು ಬೆವರು ಸುರಿಸಿದ್ದು ಅಲ್ಲಿಂದಲೇ. ಕೊನೆಯ ಆಟ. ಎದುರಿಗೆ ಟೂರಿನಿನ ವಕೀಲ ಬೆರ್ತೋಲಿನಿ. ಸಮ ಮಾಡಿಕೊಂಡರೂ ಸಾಕು, ದೇಶದ ತಂಡದಲ್ಲಿ ನಿನ್ನ ಜಾಗ ಗಟ್ಟಿ. ಅಮ್ಮ, ನಾನು, ಪ್ರೀಯಮೋ ಮೂವರೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಪ್ರೀಯಮೋ ನನ್ನ ಕಿವಿಯಲ್ಲಿ, "ಚೆನ್ನಾಗಿ ಇದ್ದಾನೆ, ಸುಮ್ನೆ ಕೂತ್ರೂ ಸೋಲಲ್ಲ" ಎಂದ. ಆಗಲೇ ದೊಡ್ಡ ಬಾಗಿಲು ತೆರೆದು ಪಕ್ಷದ ಹಿರಿಯರೊಬ್ಬರು ಪರಿವಾರದ ಸಮೇತ ಒಳಗೆ ಬಂದರು. ಕುರ್ಚಿಗಳೆಲ್ಲ ಒಟ್ಟಿಗೆ ಕಿರ್ರೆಂದವು. ಆಡುತ್ತಿದ್ದವರು, ನೋಡುತ್ತಿದ್ದವರು, ಎಲ್ಲರೂ ಎದ್ದು ಬಲಗೈ ಮೇಲೆತ್ತಿದರು. ನಾನೂ ಎತ್ತಿದೆ, ಅಮ್ಮನ ಕೈಯನ್ನೂ ಹಿಡಿದೆತ್ತಿದೆ. ನಿಂತ ಜನರ ಸಂದಿಯಲ್ಲಿ ನೋಡಿದರೆ ನೀನೊಬ್ಬ ಕೂತಿದ್ದೀಯ. ನಿನ್ನ ಬಲಗೈ ಹಲಗೆಯ ಮೇಲಿದೆ, ಬೆರಳ ತುದಿ ಕುದುರೆಯ ಕಿವಿಯ ಮೇಲಿದೆ. ಆ ಕುದುರೆ ಕೂದಲೆಳೆಯಷ್ಟು ಓರೆಯಾಗಿತ್ತು, ನಿನಗೆ ಅದು ಕಣ್ಣಿಗೆ ಬಿದ್ದ ಕಸದ ಹಾಗೆ. ನೆಟ್ಟಗಿಡಲು ಕೈಚಾಚಿದೆ, ಕುರ್ಚಿಗಳ ಸದ್ದಿಗೆ ಬೆಚ್ಚಿದೆ, ಹೇಳಬೇಕಾದ ಮಾತು ಬಾಯಿಗೆ ಬರಲಿಲ್ಲ, ಬೆರಳು ಮಾತ್ರ ಮುಟ್ಟಿತು.

ಯಾರೂ ನೋಡಿರಲಿಲ್ಲ, ಎಲ್ವೀನೋ! ಇದನ್ನು ನಾನು ಸಾಯುವ ತನಕ ಹೇಳುತ್ತೇನೆ. ಬೆರ್ತೋಲಿನಿಯ ಕಣ್ಣು ಬಾಗಿಲ ಮೇಲಿತ್ತು, ತೀರ್ಪುಗಾರರ ಕಣ್ಣು ಛಾವಣಿಯ ಮೇಲಿತ್ತು. ಕೈ ಹಿಂದೆಗೆದುಕೊಂಡು ಎದ್ದು ನಿಂತಿದ್ದರೆ ದೇವರೂ ಕೇಳುತ್ತಿರಲಿಲ್ಲ. ನೀನು ಒಂದು ಗಳಿಗೆ ಕುದುರೆಯನ್ನೇ ನೋಡಿದೆ, ಆಮೇಲೆ ಅದನ್ನು ಎತ್ತಿ ನಡೆಸಿದೆ, ಆಟದ ಗಡಿಯಾರದ ಗುಂಡಿ ಒತ್ತಿದೆ. ಆ ಮೌನದಲ್ಲಿ ಗುಂಡಿಯ ಸದ್ದು ಬಾಗಿಲ ತನಕ ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು, ಬಂದ ಹಿರಿಯರೂ ನೋಡಿದರು. ನನ್ನ ಪಕ್ಕದಲ್ಲಿ ಪ್ರೀಯಮೋ ಮೇಲೆತ್ತಿದ ಕೈಯನ್ನು ಇಳಿಸಿ ಅದರಲ್ಲೇ ಮುಖ ಮುಚ್ಚಿಕೊಂಡು, "ಅಯ್ಯೋ ಮಗನೇ, ಆ ಕುದುರೆ ಅಲ್ಲಾಡಬಾರದಿತ್ತು" ಎಂದ. ಕುದುರೆ ಬಿಟ್ಟುಕೊಟ್ಟ ಜಾಗದಲ್ಲಿ ಬೆರ್ತೋಲಿನಿಯ ಸೈನ್ಯ ನುಗ್ಗಿತು, ಸ್ವಲ್ಪ ಹೊತ್ತಿನಲ್ಲಿ ಆಟ ಮುಗಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆಮೇಲಿನದು ನೇವಿಯೋನ ಕಥೆ. ನಿನ್ನನ್ನು ಕರೆಸಿ, "ಯಾಕ್ರೀ ಎದ್ದು ನಿಲ್ಲಲಿಲ್ಲ?" ಎಂದು ಕೇಳಿದರೆ ನೀನು ಏನೆಂದೆ? "ನನ್ನ ಗಡಿಯಾರ ಓಡ್ತಾ ಇತ್ತು ಸ್ವಾಮಿ." ಬುದ್ಧಿ ಇರುವವನು ಹೇಳುವ ಮಾತೇ ಅದು? ಕಾಲು ನೋವಿತ್ತು ಎನ್ನಬಹುದಿತ್ತು, ತಲೆ ಸುತ್ತಿತು ಎನ್ನಬಹುದಿತ್ತು. ನೇವಿಯೋ ಟೋಪಿ ಕೈಯಲ್ಲಿ ಹಿಡಿದು ಮೂರು ಕಚೇರಿಯ ಮೆಟ್ಟಿಲು ಹತ್ತಿದ. "ನನ್ನ ತಮ್ಮ ದ್ರೋಹಿ ಅಲ್ಲ ಸ್ವಾಮಿ, ಪೆದ್ದ. ಅವನಿಗೆ ಚದುರಂಗದ ಮರ್ಯಾದೆ ಒಂದು ಗೊತ್ತು, ಲೋಕದ ಮರ್ಯಾದೆ ಗೊತ್ತಿಲ್ಲ. ಮುಟ್ಟಿದ ಕಾಯಿ ನಡೆಸ್ಲೇಬೇಕು ಅಂತ ಅವರಲ್ಲಿ ಒಂದು ಕಟ್ಟುಪಾಡಿದೆ" ಎಂದು ಎಲ್ಲರಿಗೂ ಆ ಕಟ್ಟುಪಾಡು ವಿವರಿಸಿದ, ಒಂದು ದಿನವೂ ಚದುರಂಗ ಆಡದವನು. ಅದರಿಂದಲೇ ನೀನು ಜೈಲಿಗೆ ಹೋಗದೆ ಮನೆಗೆ ಬಂದೆ. (ಇದೇ, ನೇವಿಯೋ, ಆ ಹೊಗಳಿಕೆ. ಸ್ವಲ್ಪ ನಿಧಾನವಾಗಿ ಓದು, ಅಮ್ಮ ಕೇಳಿಸಿಕೊಳ್ಳಲಿ.) ತಂಡದಿಂದ ಹೆಸರು ಹೊಡೆದುಹಾಕಿದರು, ಮುಂದಿನ ಆದೇಶದ ತನಕ ದೇಶದೊಳಗೆ ಯಾವ ಪಂದ್ಯದಲ್ಲೂ ಆಡಕೂಡದು ಎಂದರು.

ಆ ವರ್ಷ ಹೇಗೆ ಕಳೆಯಿತು ಎಂದು ನಮಗೇ ಗೊತ್ತು. ಪಕ್ಷದ ಜನ ನಿನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದರು. ಪಕ್ಷವನ್ನು ಕಂಡರಾಗದ ಜನ ಕತ್ತಲಲ್ಲಿ ಬೆನ್ನು ತಟ್ಟಿ "ಭೇಷ್, ಗಂಡಸು ಅಂದ್ರೆ ನೀನು" ಎನ್ನುತ್ತಿದ್ದರು, ಬಾಗಿಲ ಬಳಿ ವೈನಿನ ಬಾಟಲಿ ಇಟ್ಟು ಹೋಗುತ್ತಿದ್ದರು. "ನಾನೇನೂ ಮಾಡಿಲ್ಲ, ಕುದುರೆ ಮುಟ್ಟಿದ್ದೆ ಅಷ್ಟೇ" ಎಂದು ನೀನು ಇಬ್ಬರಿಗೂ ಹೇಳಿದೆ, ಇಬ್ಬರೂ ನಂಬಲಿಲ್ಲ. ಅಡಕತ್ತರಿಯ ನಡುವೆ ಸಿಕ್ಕವನ ಮಾತು ಯಾವ ಅಲಗಿಗೆ ಬೇಕು? ಕಾಫಿ ಅಂಗಡಿಯಲ್ಲಿ ನಿನ್ನೆದುರು ಕೂರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಪ್ರೀಯಮೋ ನಿನ್ನ ಹಲಗೆಯನ್ನು ಒಳಗೆ ಒಲೆಯ ಪಕ್ಕಕ್ಕೆ ಸಾಗಿಸಿದ. "ಬೀದಿ ಕಡೆ ಕಿಟಕಿ ಇಲ್ಲದ ಜಾಗ, ಯಾರೂ ನೋಡಲ್ಲ" ಎಂದ. ನೀನು ಅಲ್ಲಿ ಎರಡೂ ಕಡೆಯ ಕಾಯಿಗಳನ್ನು ನೀನೇ ನಡೆಸುತ್ತ ಕೂರುತ್ತಿದ್ದೆ. ನಾನು ಒಂದು ಸಂಜೆ ಕರೆಯಲು ಬಂದು "ಯಾರು ಗೆಲ್ತಿದ್ದಾರೆ?" ಎಂದು ತಮಾಷೆ ಮಾಡಿದರೆ, "ಯಾರೂ ಇಲ್ಲ ದೀರ್ಚೆ, ಇಬ್ಬರಿಗೂ ಹೋಗೋಕೆ ಜಾಗ ಇಲ್ಲ" ಎಂದೆ. ಆ ರಾತ್ರಿ ನೀನು ರೊಟ್ಟಿಯನ್ನು ಮುಟ್ಟಲೂ ಇಲ್ಲ.

ಅಂಥ ಹೊತ್ತಿನಲ್ಲಿ ರೊಸಾರಿಯೋದಿಂದ ಕರೆ ಬಂತು, ಇಟಲಿಯ ಆಟಗಾರನೊಬ್ಬ ನಮ್ಮ ಪಂದ್ಯಾವಳಿಗೆ ಬೇಕು ಎಂದು. ಅಲ್ಲಿ ನಮ್ಮ ದೇಶದ ಹೆಸರು ಬರಲಿ ಎಂದು ಕಾರ್ಯದರ್ಶಿಗೂ ಆಸೆಯಾಯಿತು. ಆದರೆ ಜಾಮೀನು ಬೇಕು, ಹೆಂಡತಿ ತಾಯಿ ಇಲ್ಲೇ ಇರಬೇಕು, ನೀನು ವರ್ಷದೊಳಗೆ ಬರಬೇಕು. ನೇವಿಯೋ ರುಜು ಹಾಕಿದ. ರೈಲಿನ ಕಿಟಕಿಯಲ್ಲಿ ತಲೆ ಹಾಕಿ ನೀನು ಹೇಳಿದ ಮಾತು ನಮ್ಮ ಮೂವರಿಗೂ ನೆನಪಿದೆ. "ಕ್ರಿಸ್‌ಮಸ್ ದಿನ ಅಮ್ಮನ ಕೈಯ ಕಾಪ್ಪೆಲ್ಲೆತ್ತಿ ಸಾರಲ್ಲಿ ಬೀಳೋ ಹೊತ್ತಿಗೆ ಈ ಮನೇಲಿರ್ತೀನಿ. ಮಾತು ಕೊಟ್ಟೆ." ಅಮ್ಮ ಆ ಮಾತನ್ನು ಜಪಮಾಲೆಯ ಹಾಗೆ ತಿರುವುತ್ತಿದ್ದಾರೆ. ಕಣ್ಣು ಕಾಣದಿದ್ದರೂ ಹಿಟ್ಟನ್ನು ಮಡಿಚಿ ಆ ಟೋಪಿಯಾಕಾರದ ಕಡುಬು ಮಾಡಲು ಬೆರಳು ಸಾಕು ಎನ್ನುತ್ತಾರೆ. ನೀನು ಎಷ್ಟು ತಿನ್ನುತ್ತೀಯ ಎಂದು ಈಗಿನಿಂದಲೇ ಲೆಕ್ಕ ಹಾಕಿ ನನ್ನ ತಲೆ ತಿನ್ನುತ್ತಾರೆ.

ಆದುದರಿಂದ ಬಾ. ಡಿಸೆಂಬರಿನ ಹಡಗು ಹತ್ತು, ಜೆನೋವಾದಲ್ಲಿ ಇಳಿ, ನೇವಿಯೋ ಅಲ್ಲಿಗೇ ಬಂದು ಕರೆದುಕೊಂಡು ಬರುತ್ತಾನಂತೆ. ನಿನ್ನ ಅಣ್ಣನ ಮಾನ ನಿನ್ನ ಕೈಯಲ್ಲಿದೆ, ಅಮ್ಮನ ಮುಪ್ಪು ನಿನ್ನ ಕೈಯಲ್ಲಿದೆ. ನನ್ನದು ಬಿಡು, ಅದು ಮೊದಲಿನಿಂದಲೂ ನಿನ್ನ ಕೈಯಲ್ಲೇ ಇದೆ. ಪ್ರೀಯಮೋ ನಿನ್ನ ಕ್ಷೇಮ ಕೇಳಿದ. ಕಾರ್ಖಾನೆಯಲ್ಲಿ ನಿನ್ನ ಜಾಗಕ್ಕೆ ಬಂದವನು ಹೋದ ವಾರ ಒಂದಿಡೀ ಆವಿಗೆ ತಟ್ಟೆ ಬಿರಿಸಿದ. ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ಮಗಾ, ಸಂತ ಅಂತೋನಿ ನಿನ್ನ ಹಡಗನ್ನ ಅಂಗೈಯಲ್ಲಿಟ್ಟು ಕಾಯಲಿ. ಮೊದಲನೇವನಾಗಿ ಬಂದವನ ಹೆಸರು ಬರಿ, ಅವನಿಗೂ ಒಂದು ಪ್ರಾರ್ಥನೆ ಹೇಳ್ತೀನಿ, ಮುಂದಿನ ಸಲ ಸೋಲಲಿ ಅಂತ."

ನಿನ್ನ ದಾರಿ ನೋಡುತ್ತ,
ದೀರ್ಚೆ

ತಮ್ಮಾ, ಪೂರ್ತಿ ಓದಿದೆ, ಅಮ್ಮನಿಗೂ ಓದಿ ಹೇಳಿದೆ. ನನ್ನನ್ನು ಸ್ವಲ್ಪ ಆಡಿಕೊಂಡಿದ್ದಾಳೆ, ಇರಲಿ. ವಿಷಯವೆಲ್ಲ ಸರಿಯಾಗಿದೆ. ತಪ್ಪದೆ ಬಾ. ನೇವಿಯೋ

ಮರೆತ ಮಾತು: ಸೋಮವಾರ ಬೆಳಿಗ್ಗೆ, ರೈಲು ನಿಲ್ದಾಣ. ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಪ್ರೀಯಮೋನ ಸೋದರಳಿಯ ಹಡಗಿನಲ್ಲಿ ಅಡಿಗೆಯವನು, ಈಗಿನ ರೈಲಿಗೆ ಜೆನೋವಾಗೆ ಹೊರಟಿದ್ದಾನೆ, ಅವನೇ ತಂದು ನಿನ್ನ ಕೈಗೆ ಕೊಡುತ್ತಾನೆ. ಎಲ್ವೀನೋ, ಬರಬೇಡ. ಮೇಲೆ ಬರೆದದ್ದೆಲ್ಲ ನಿಜ, 'ಬಾ' ಎಂಬುದೊಂದು ಬಿಟ್ಟು. ಶುಕ್ರವಾರ ಇಲ್ಲಿನ ಪೊಲೀಸ್ ಅಧಿಕಾರಿಯ ಹೆಂಡತಿ ತಮ್ಮ ಮಗಳ ಮದುವೆಯ ತಟ್ಟೆ ನೋಡಲು ಕಾರ್ಖಾನೆಗೆ ಬಂದಿದ್ದ‌ರು. ತಟ್ಟೆಯಿಂದ ಕಣ್ಣೆತ್ತದೆ, "ನಿಮ್ಮ ಯಜಮಾನ್ರು ಅಲ್ಲಿ ಯಾರ‍್ಯಾರದೋ ಕೈ ಕುಲುಕಿದ್ದಾರಂತೆ. ಇಲ್ಲಿಂದ ಓಡಿಹೋದೋರೂ ಇದ್ರಂತೆ ಅದರಲ್ಲಿ, ಫೋಟೋ ಬಂದಿದೆ. ಕೆಮ್ಮು ಇರೋರು ಅಂಥ ಒಳ್ಳೇ ಗಾಳಿ ಬಿಟ್ಟು ಬರಬಾರದಮ್ಮ. ಹಡಗಿಂದ ಇಳೀತಿದ್ದ ಹಾಗೆ ಹಿಡಿದು ದ್ವೀಪದ ಸೆರೆಗೆ ಕಳಿಸ್ತಾರೆ, ಅಲ್ಲಿಂದ ಯಾವಾಗ ಬಿಡ್ತಾರೋ ಆಜ್ಞೆ ಬರೆದೋರಿಗೂ ಗೊತ್ತಿರಲ್ಲ" ಎಂದರು. ಆಮೇಲೆ "ಹೂ ಚೆನ್ನಾಗಿ ಬಂದಿದೆ" ಎಂದು ಹೊರಟುಹೋದರು. ಎರಡು ದಿನ ಇದನ್ನು ಬಿಸಿತುಪ್ಪದ ಹಾಗೆ ಬಾಯಲ್ಲಿಟ್ಟುಕೊಂಡು ನಿನ್ನೆ ಕಾಗದ ಬರೆದೆ. ನೇವಿಯೋಗೆ ಹೇಳಿಲ್ಲ. ಅವನು ಕೆಟ್ಟವನಲ್ಲ, ಹೆದರುವವನು. ಅವನು ಜೆನೋವಾಗೆ ಬರುವುದು ನಿಜವಾಗಿ ನಿನ್ನನ್ನು ಮನೆಗೆ ಕರೆತರಲೆಂದೇ. ನಾಳೆ ಯಾರಾದರೂ ಕೇಳಿದರೆ 'ಬಾ ಎಂದೇ ಬರೆದಿದ್ದಳು, ನಾನೇ ಓದಿದ್ದೇನೆ' ಎಂದು ಅವನು ಸುಳ್ಳಿಲ್ಲದೆ ಆಣೆ ಇಡಬಹುದು, ಅಷ್ಟಾದರೂ ಅವನಿಗೆ ಮಾಡಿಟ್ಟಿದ್ದೇನೆ. ನೀನು ಮನೆಗೆ ಬರೆಯುವಾಗ ಕೆಮ್ಮು ಜೋರಾಗಿದೆ, ವೈದ್ಯರು ಹಡಗು ಹತ್ತಬೇಡ ಅಂದರು ಎಂದು ಬರೆ, ವೈದ್ಯರ ಚೀಟಿಯನ್ನೂ ಇಡು. ಅದರಿಂದ ಅವನ ಕುರ್ಚಿ ಉಳಿದರೆ ಉಳಿಯಲಿ. ನಮ್ಮನ್ನು ನಿನ್ನ ಬಳಿಗೆ ಬಿಡುವುದಿಲ್ಲ, ಅದು ನನಗೆ ಗೊತ್ತು. ರಾತ್ರಿ ಅದನ್ನೇ ನೆನೆದು ದಿಂಬು ಕಚ್ಚಿ ಅತ್ತೆ.

ನೀನು ಒಪ್ಪುವುದಿಲ್ಲ ಎಂದೂ ಗೊತ್ತು. ಮಾತು ಕೊಟ್ಟೆ, ಮುಟ್ಟಿದ ಕಾಯಿ ನಡೆಸಲೇಬೇಕು ಎನ್ನುತ್ತೀಯ. ಅದಕ್ಕೇ ಶನಿವಾರ ಪ್ರೀಯಮೋನ ಹತ್ತಿರ ಹೋಗಿ, "ಮುಟ್ಟಿದ ಕಾಯಿಗೆ ಹೋಗೋ ದಾರಿನೇ ಇಲ್ಲದಿದ್ರೆ?" ಎಂದು ಕೇಳಿದೆ. ಅವನು ಒಲೆಯ ಪಕ್ಕದ ನಿನ್ನ ಹಲಗೆಯ ಮೇಲೆ ರಾಜನನ್ನು ಇಟ್ಟ, ಅದರ ಮುಂದೆ ಕುದುರೆ ಇಟ್ಟ, ಎದುರಿಗೆ ಶತ್ರುವನ್ನು ಇಟ್ಟ. "ಈ ಕುದುರೆ ಕದಲಿದ್ರೆ ರಾಜ ಬಯಲಿಗೆ ಬೀಳ್ತಾನೆ. ಇದನ್ನ ನಡೆಸೋ ಹಾಗೇ ಇಲ್ಲ ಕಣಮ್ಮ. ಮುಟ್ಟಿದ್ರೂ ಋಣ ಇಲ್ಲ, ಬೇರೆ ಕಾಯಿ ನಡೆಸ್ಬಹುದು. ಈ ಕಟ್ಟುಪಾಡು ಆ ಕತ್ತೆಗೂ ಗೊತ್ತು" ಎಂದ. ಕೇಳಿದೆಯಾ? ಗೊತ್ತಿದ್ದೂ ಮರೆಯಬೇಡ. ಮನೆಯ ದಾರಿ ಮುಚ್ಚಿದೆ, ನಿನ್ನ ಮಾತಿನ ಋಣ ಅಲ್ಲಿಗೆ ತೀರಿತು. ಸಂಘದ ಮೇಲಿನ ಆ ಕೋಣೆಗೆ ಹೋಗು, ಮಕ್ಕಳಿಗೆ ಕಲಿಸು, ಮರ್ಯಾದೆ ಬೇಕಾದಷ್ಟು ಕಲಿಸು. ಆ ಕುದುರೆ ನಾನು, ಎಲ್ವೀನೋ. ನಾನು ಇಲ್ಲಿ ಅಲ್ಲಾಡದೆ ನಿಂತಿರುವ ತನಕ ನೀನು ಅಲ್ಲಿ ಉಳಿಯುತ್ತೀಯ. ರೈಲಿನ ಗಂಟೆ ಬಾರಿಸಿದರು. ಕಾಗದದ ಜೊತೆ ಒಂದು ಗಂಟಿದೆ, ಅದರಲ್ಲಿ ನಿನ್ನ ಕೋಟು. ಬಾಗಿಲ ಹಿಂದಿನ ಮೊಳೆಗೆ ನೇವಿಯೋನ ಹಳೆಯ ಕೋಟು ತೂಗುಹಾಕಿದ್ದೇನೆ, ಒಂದೇ ಥಾನಿನ ಬಟ್ಟೆ, ಅಮ್ಮ ಅದಕ್ಕೇ ಬ್ರಷ್ ಹಾಕಿಕೊಂಡಿರಲಿ. ನಿಮ್ಮಲ್ಲಿ ಚಳಿ ಶುರುವಾಗುವುದು ಜೂನ್ ತಿಂಗಳಲ್ಲಂತೆ. ಆಗ ಹಾಕಿಕೋ.